ಕಾವಲಿಗೆ ನಿಂತ ಶವ, ಗೂಡಿನೊಳಗಿನ ಜೀವ

ರಾಮನಗರ ತಾಲ್ಲೂಕಿನ ಕೈಲಾಂಚದಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರು ಜೈನರಲ್ಲ; ಆದರೆ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ಹೈಸ್ಕೂಲಿನಲ್ಲಿ ಓದುವ ಅವರ ಮಗ ರಜೆಯ ದಿನಗಳಲ್ಲಿ ಒಂದು ವಿಡಿಯೊ ಗೇಮ್ ಆಡುತ್ತಾನೆ. ನೆಲದಡಿಯ ಪುರಾತನ ಗೋರಿಗಳನ್ನು ಹೊಕ್ಕು, ಅಲ್ಲಿ ಕಾವಲಿರುವ ಮಮ್ಮಿಗಳನ್ನು ಕತ್ತಿಯಿಂದ ಕಡಿದು, ಒಳಗಿನ ನಿಧಿಯನ್ನು ಹೊರತರುವುದು ಆ ಆಟ. ಒಂದು ಸಂಜೆಗೆ ನೂರು ದೇಹಗಳು ಉರುಳುವುದನ್ನು ಕಂಡು ತಾಯಿ ಗದರಿದರಂತೆ. ಹುಡುಗ ಕೊಟ್ಟ ಉತ್ತರವನ್ನು ಅವರು ಇದ್ದಂತೆಯೇ ಬರೆದಿದ್ದಾರೆ: “ಅಮ್ಮ, ಅದು ಆಗ್ಲೇ ಸತ್ತಿರೋದು ಕಣಮ್ಮ. ಸತ್ತಿರೋದನ್ನ ಕೊಂದ್ರೆ ಪಾಪ ಹೆಂಗ್ ಬತ್ತದೆ?”

(ಅಮ್ಮನನ್ನೇ ‘ಮಮ್ಮಿ’ ಎಂದು ಕರೆಯುವ ಮನೆಗಳಲ್ಲಿ ಈ ಸಂಭಾಷಣೆ ಇನ್ನಷ್ಟು ತೊಡಕಾಗುತ್ತಿತ್ತು.)

ಹುಡುಗನ ಪ್ರಶ್ನೆಯನ್ನು ಬಾಲಿಶವೆಂದು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಯಾವುದು ಜೀವ, ಯಾವುದು ಅಜೀವ ಎಂಬುದು ಜಿನಮಾರ್ಗದ ಮೊದಲ ಪಾಠ. ತತ್ತ್ವಗಳ ಎಣಿಕೆ ಆರಂಭವಾಗುವುದೇ ಅಲ್ಲಿಂದ. ಮಿಥ್ಯಾತ್ವದ ಪ್ರಕಾರಗಳನ್ನು ಹೇಳುವಾಗ ಸ್ಥಾನಾಂಗ ಸೂತ್ರವು ಅಜೀವವನ್ನು ಜೀವವೆಂದು ತಿಳಿಯುವುದನ್ನೂ ಜೀವವನ್ನು ಅಜೀವವೆಂದು ತಿಳಿಯುವುದನ್ನೂ ಒಂದೇ ಪಟ್ಟಿಯಲ್ಲಿ ಇರಿಸುತ್ತದೆ. ಅದು ಶ್ವೇತಾಂಬರ ಪರಂಪರೆಯ ಆಗಮವಾದರೂ ಈ ಮಾತಿನಲ್ಲಿ ನಮ್ಮೆರಡು ಪರಂಪರೆಗಳಿಗೆ ಭಿನ್ನಾಭಿಪ್ರಾಯವಿಲ್ಲ. ಗೋರಿಯ ಮಮ್ಮಿ ಮೊದಲನೆಯ ತಪ್ಪು ತಿಳಿವಳಿಕೆಗೆ ಒಳ್ಳೆಯ ನಿದರ್ಶನ. ಎರಡನೆಯದಕ್ಕೆ ನಿದರ್ಶನ ಬೇಕಾದರೆ ಆ ತಾಯಿಯ ಊರಿನಿಂದ ದೂರ ಹೋಗಬೇಕಾಗಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆಟದ ಲೋಕವನ್ನು ಸ್ವಲ್ಪ ನೋಡೋಣ. 2000ರಲ್ಲಿ ಬಂದ ‘ಡಯಾಬ್ಲೊ’ ಆಟದ ಎರಡನೆಯ ಭಾಗದಲ್ಲಿ ಮರಳುಗಾಡಿನ ಗೋರಿಗಳಿವೆ. ಅವುಗಳಲ್ಲಿ ಬಟ್ಟೆ ಸುತ್ತಿದ ಶವಗಳು ಎದ್ದು ಬರುತ್ತವೆ. ಅವುಗಳಲ್ಲಿ ಹಿರಿಯದಾದ ಒಂದು ಬಗೆಯ ಮಮ್ಮಿಗೆ, ಕೆಳಗುರುಳಿದ ಜೊತೆಗಾರರನ್ನು ಮತ್ತೆ ಎಬ್ಬಿಸುವ ಶಕ್ತಿಯಿದೆ. 2011ರ ‘ಸ್ಕೈರಿಮ್’ ಆಟದಲ್ಲಿ ಇವಕ್ಕೆ ಡ್ರಾಗರ್ ಎಂದು ಹೆಸರು. ಗೋಡೆಯ ಗೂಡುಗಳಲ್ಲಿ ಒಣಗಿ ಮಲಗಿರುವ ಈ ಶವಗಳು ಹೆಜ್ಜೆಯ ಸಪ್ಪಳವಾದೊಡನೆ ತುಕ್ಕು ಹಿಡಿದ ಆಯುಧ ಹಿಡಿದು ಕೆಳಗಿಳಿಯುತ್ತವೆ. ಬದುಕಿದ್ದಾಗ ಯಾವ ಒಡೆಯನ ಸೇವೆಯಲ್ಲಿದ್ದುವೋ ಸತ್ತ ಮೇಲೂ ಅವನ ಗೋರಿಯನ್ನು ಕಾಯುವುದೇ ಅವುಗಳ ಗತಿ. ಇಂಥ ಆಟಗಳ ಮಾದರಿಯಲ್ಲಿ ಈಗ ಮೊಬೈಲಿನಲ್ಲಿ ಎಷ್ಟೋ ಬಂದಿವೆ. ಕಥೆಯ ಚೌಕಟ್ಟು ಮಾತ್ರ ಹೆಚ್ಚು ಬದಲಾಗುವುದಿಲ್ಲ: ಒಂದು ಗೋರಿ, ಒಂದು ನಿಧಿ, ಸತ್ತೂ ಸಾಯದ ಒಬ್ಬ ಕಾವಲುಗಾರ, ಒಳನುಗ್ಗುವ ಒಬ್ಬ ವೀರ.

ಈಜಿಪ್ಟಿನವರು ಈ ಕಥೆಯನ್ನು ಕೇಳಿದರೆ ಒಪ್ಪುತ್ತಿರಲಿಲ್ಲ. ಸುಮಾರು 70 ದಿನಗಳ ಸಂಸ್ಕಾರದಲ್ಲಿ ಅವರು ಒಳ ಅಂಗಗಳನ್ನು ತೆಗೆದು, ನೇಟ್ರಾನ್ ಎಂಬ ಉಪ್ಪಿನಲ್ಲಿ ದೇಹವನ್ನು ಒಣಗಿಸಿ, ನಾರುಬಟ್ಟೆ ಸುತ್ತುತ್ತಿದ್ದರು. ಹೃದಯವನ್ನು ಮಾತ್ರ ದೇಹದಲ್ಲೇ ಬಿಡುತ್ತಿದ್ದರು. ಶವ ಎದ್ದು ಕಾವಲು ನಿಲ್ಲಲಿ ಎಂಬುದು ಅವರ ಉದ್ದೇಶವಾಗಿರಲಿಲ್ಲ. ಆತ್ಮದ ಅಂಶವೊಂದು ಮರಳಿ ಬಂದು ತಂಗಲು ದೇಹವೆಂಬ ಮನೆ ಉಳಿದಿರಲಿ ಎಂಬುದಾಗಿತ್ತು. ಎದ್ದು ಓಡಾಡುವ ಮಮ್ಮಿ ಹುಟ್ಟಿದ್ದು 19ನೆಯ ಶತಮಾನದ ಇಂಗ್ಲಿಷ್ ಕಥೆಗಳಲ್ಲಿ. 1922ರಲ್ಲಿ ಹೋವರ್ಡ್ ಕಾರ್ಟರ್ ತೂತನ್‌ಖಾಮನ್ ದೊರೆಯ ಗೋರಿಯನ್ನು ಪತ್ತೆಹಚ್ಚಿದ. ಮರುವರ್ಷ ಆ ಶೋಧನೆಗೆ ಹಣ ಒದಗಿಸಿದ್ದ ಲಾರ್ಡ್ ಕಾರ್ನಾರ್ವನ್ ತೀರಿಕೊಂಡಾಗ ಪತ್ರಿಕೆಗಳು ‘ಮಮ್ಮಿಯ ಶಾಪ’ ಎಂಬ ಕಥೆಯನ್ನು ಲೋಕಕ್ಕೆಲ್ಲ ಹಂಚಿದವು. 1932ರ ಹಾಲಿವುಡ್ ಚಿತ್ರ ಅದಕ್ಕೆ ಮುಖ ಕೊಟ್ಟಿತು. ನಮ್ಮ ಮಕ್ಕಳ ಆಟದ ಶವ ಬಂದಿರುವುದು ಈ ದಾರಿಯಿಂದ. ಅದಕ್ಕೂ ಎಷ್ಟೋ ಮೊದಲೇ ಯುರೋಪಿನಲ್ಲಿ ಮಮ್ಮಿಗಳನ್ನು ಪುಡಿ ಮಾಡಿ ಔಷಧಿಯಾಗಿ ನುಂಗಿದರು, ಚಿತ್ರಕಾರರ ಕಂದುಬಣ್ಣಕ್ಕೂ ಬೆರೆಸಿದರು. ನಿಜವಾಗಿ ಗೋರಿಗೆ ನುಗ್ಗಿದವರು ಯಾರು, ಹೆದರಬೇಕಾದವರು ಯಾರು ಎಂಬುದನ್ನು ಕಥೆ ತಿರುಗುಮುರುಗು ಮಾಡಿಬಿಟ್ಟಿದೆ.

ಇನ್ನು ಸಿದ್ಧಾಂತದ ಮಾತು. ಸತ್ತೂ ಸಾಯದ ಸ್ಥಿತಿ ಎಂಬುದಕ್ಕೆ ಜಿನಾಗಮದಲ್ಲಿ ಎಡೆಯಿಲ್ಲ. ಆಯುಷ್ಯಕರ್ಮ ಮುಗಿದ ಕ್ಷಣದಲ್ಲೇ ಜೀವವು ಕಾರ್ಮಣ ಶರೀರದೊಡನೆ ಮುಂದಿನ ಜನ್ಮಸ್ಥಾನದತ್ತ ಹೊರಡುತ್ತದೆ. ಇದನ್ನೇ ವಿಗ್ರಹಗತಿ ಎನ್ನುವುದು. ದಾರಿ ನೇರವಾಗಿದ್ದರೆ ಒಂದೇ ಸಮಯ ಸಾಕು; ಎಷ್ಟು ತಿರುವುಗಳಿದ್ದರೂ ನಾಲ್ಕನೆಯ ಸಮಯವನ್ನು ಮೀರುವುದಿಲ್ಲ. ‘ಸಮಯ’ವೆಂದರೆ ಗಡಿಯಾರದ ಸಮಯವಲ್ಲ, ಕಣ್ಣೆವೆ ಬಡಿಯುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದುಹೋಗುತ್ತವೆ ಎನ್ನುವಷ್ಟು ಸೂಕ್ಷ್ಮವಾದ ಕಾಲಮಾನ. ಬಂಧುಗಳು ಅಳಲು ಬಾಯಿ ತೆರೆಯುವ ಮೊದಲೇ ಹೋದವನು ಇನ್ನೊಂದು ಕಡೆ ಹುಟ್ಟಿಯಾಗಿದೆ. ಗೋರಿಯಲ್ಲಿ ಕಾದು ಕುಳಿತುಕೊಳ್ಳಲು ಅವನಿಗೆ ಬಿಡುವೆಲ್ಲಿ?

ಹಾಗಾದರೆ ಶವ ಏಳುತ್ತದೆಂಬ ನಂಬಿಕೆ ನಮ್ಮವರಿಗೆ ಪರಿಚಯವೇ ಇರಲಿಲ್ಲವೆ? ಇತ್ತು. ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥ ಸಮಾಧಿಮರಣವನ್ನು ಸವಿಸ್ತಾರವಾಗಿ ಹೇಳುತ್ತದೆ. ಮುನಿಯ ದೇಹವನ್ನು ಅಡವಿಯಲ್ಲಿ ಇರಿಸುವ ವಿಧಿಯೂ ಅದರಲ್ಲಿದೆ. ಅಲ್ಲೊಂದು ಎಚ್ಚರಿಕೆಯ ಮಾತು ಬರುತ್ತದೆ: ತಕ್ಕ ವಿಧಿಯನ್ನು ಮಾಡದಿದ್ದರೆ, ಆಟವಾಡುವ ಸ್ವಭಾವದ ಯಾವುದಾದರೂ ದೇವತೆ ಆ ಶವವನ್ನು ಹೊಕ್ಕು ಎಬ್ಬಿಸಿ ಓಡಾಡಿಸೀತು. ಗಮನಿಸಬೇಕಾದದ್ದು ಇಷ್ಟೇ. ಅಲ್ಲಿ ಎದ್ದದ್ದು ಸತ್ತ ಮುನಿಯಲ್ಲ. ಖಾಲಿ ಮನೆಯನ್ನು ಹೊಕ್ಕ ಬೇರೊಂದು ಜೀವ. ಯಕ್ಷ, ರಾಕ್ಷಸ, ಭೂತ, ಪಿಶಾಚರೆಲ್ಲ ನಮ್ಮಲ್ಲಿ ವ್ಯಂತರ ದೇವರ ಎಂಟು ಕುಲಗಳಿಗೆ ಸೇರಿದವರು. ಅವರಿಗೂ ಆಯುಷ್ಯವಿದೆ, ಕರ್ಮವಿದೆ, ಮುಂದಿನ ಹುಟ್ಟಿದೆ. ‘ದೆವ್ವ’ವೂ ನಮಗೆ ಜೀವಿಯೇ. ಮತ್ತೊಂದು ಸೂಕ್ಷ್ಮವೂ ಉಂಟು: ಉಸಿರು ನಿಂತ ದೇಹದಲ್ಲಿ ಅಂತರ್ಮುಹೂರ್ತ ಕಳೆಯುವುದರೊಳಗೆ ಕಣ್ಣಿಗೆ ಕಾಣದ ಸಮ್ಮೂರ್ಛನ ಜೀವಗಳು ಹುಟ್ಟತೊಡಗುತ್ತವೆ. ಶವಸಂಸ್ಕಾರವನ್ನು ತಡಮಾಡಬೇಡಿ ಎಂದು ಹಿರಿಯರು ಹೇಳುವುದು ಅದಕ್ಕಾಗಿ.

ಗೋರಿಯ ಕಾವಲುಗಾರನಿಗೆ ನಮ್ಮ ಪುರಾಣದಲ್ಲಿ ಹತ್ತಿರದ ನೆಂಟನೊಬ್ಬನಿದ್ದಾನೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ, ಮಹಾಬಲ ರಾಜನ ಸಭೆಯಲ್ಲಿ ಸ್ವಯಂಬುದ್ಧನೆಂಬ ಮಂತ್ರಿ ಹೇಳುವ ಕಥೆಯದು. ಮಹಾಬಲನ ವಂಶದಲ್ಲೇ ಹಿಂದೆ ದಂಡನೆಂಬ ವಿದ್ಯಾಧರ ದೊರೆಯಿದ್ದ. ರಾಜ್ಯವನ್ನು ಮಗ ಮಣಿಮಾಲಿಗೆ ವಹಿಸಿದರೂ ಭೋಗದ ಆಸೆ ಅವನನ್ನು ಬಿಡಲಿಲ್ಲ. ಆರ್ತಧ್ಯಾನದಲ್ಲೇ ಸತ್ತು ತನ್ನದೇ ಭಂಡಾರದಲ್ಲಿ ಹೆಬ್ಬಾವಾಗಿ ಹುಟ್ಟಿದ. ಹಿಂದಿನ ಜನ್ಮದ ನೆನಪು ಅವನಿಗೆ ಉಳಿದಿತ್ತು. ಭಂಡಾರದೊಳಗೆ ಮಗನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಬಿಡುತ್ತಿರಲಿಲ್ಲ.

ಇಲ್ಲಿಯವರೆಗೆ ಇದು ಆಟದ ಕಥೆಯೇ. ನಿಧಿಯಿದೆ, ಅದನ್ನು ಬಿಟ್ಟು ಕದಲದ ಕಾವಲುಗಾರನಿದ್ದಾನೆ, ಒಳಗೆ ಕಾಲಿಟ್ಟವರಿಗೆ ಅಪಾಯವಿದೆ. ಆದರೆ ಮುಂದಿನದು ಬೇರೆ. ಆ ಹಾವು ಯಾರೆಂಬುದು ಅವಧಿಜ್ಞಾನಿಗಳಾದ ಮುನಿಯೊಬ್ಬರಿಂದ ಮಣಿಮಾಲಿಗೆ ತಿಳಿಯಿತು. ಅವನು ಕತ್ತಿಯನ್ನು ಹಿರಿಯಲಿಲ್ಲ. ಭಂಡಾರಕ್ಕೆ ಹೋಗಿ ಹಾವಿನ ಎದುರು ಕುಳಿತು, ತಂದೆಗೆ ಮಗ ಹೇಳಬಹುದಾದ ವಿನಯದಲ್ಲಿ, ಭೋಗದ ಆಸೆ ಅವನನ್ನು ಎಲ್ಲಿಗೆ ತಂದಿತೆಂಬುದನ್ನು ತಿಳಿಹೇಳಿದ. ಹೆಬ್ಬಾವು ಕೇಳಿತು. ವೈರಾಗ್ಯ ತಾಳಿ ಆಹಾರವನ್ನು ತ್ಯಜಿಸಿ ದೇಹವನ್ನು ಬಿಟ್ಟು ದೇವನಾಗಿ ಹುಟ್ಟಿತು. ಆ ದೇವನು ಕೃತಜ್ಞತೆಯಿಂದ ಬಂದು ಮಗನಿಗೆ ಒಂದು ರತ್ನಹಾರವನ್ನು ಕೊಟ್ಟ. ಅದೇ ಹಾರ ಇಂದು ನಿನ್ನ ಕೊರಳಲ್ಲಿ ಹೊಳೆಯುತ್ತಿದೆ ನೋಡು ಎಂದು ಮಂತ್ರಿ ಮಹಾಬಲನಿಗೆ ತೋರಿಸುತ್ತಾನೆ. 941ರಲ್ಲಿ ಪಂಪನು ಕನ್ನಡಕ್ಕೆ ತಂದದ್ದು ಇದೇ ಆದಿಪುರಾಣವನ್ನು.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಹಾವಿನ ಭಯವನ್ನೇ ದೊಡ್ಡದು ಮಾಡುವವರುಂಟು. ಆಸೆಪಟ್ಟರೆ ಹಾವಾಗುತ್ತೀಯೆ ಎಂದು ಬೆದರಿಸುವುದು ಸುಲಭ. ಆದರೆ ಕಥೆಯ ತಿರುಳಿರುವುದು ಮಣಿಮಾಲಿಯ ನಡೆಯಲ್ಲಿ ಎಂದು ನನಗನಿಸುತ್ತದೆ. ಕಾವಲುಗಾರನೊಳಗೆ ಒಬ್ಬ ತಂದೆಯನ್ನು, ಸಿಕ್ಕಿಬಿದ್ದ ಒಂದು ಜೀವವನ್ನು ಕಂಡವನು ಅವನು. ವಿಡಿಯೊ ಗೇಮಿನ ಗೋರಿಯಲ್ಲಿ ಮಾತಿಗೆ ಎಡೆಯೇ ಇಲ್ಲ. ಎದುರಿಗೆ ಬಂದದ್ದನ್ನು ಕಡಿಯಬೇಕು, ಇಲ್ಲವೇ ಅದರ ಕೈಯಲ್ಲಿ ಸಾಯಬೇಕು. ಕೇಳುವ ಕಿವಿ ಅದಕ್ಕಿದೆಯೇ ಎಂದು ವಿಚಾರಿಸಲು ಆಟ ಕಟ್ಟಿದವರು ಅವಕಾಶ ಕೊಟ್ಟಿಲ್ಲ.

ಆಚಾರ್ಯ ಉಮಾಸ್ವಾಮಿಗಳು ರೌದ್ರಧ್ಯಾನಕ್ಕೆ ನಾಲ್ಕು ನೆಲೆಗಳನ್ನು ಹೇಳಿದ್ದಾರೆ: ಹಿಂಸೆ, ಸುಳ್ಳು, ಕಳವು ಮತ್ತು ವಿಷಯಸಂರಕ್ಷಣೆ. ಮೊದಲ ಮೂರು ಯಾರಿಗೂ ತಿಳಿಯುತ್ತವೆ. ನಾಲ್ಕನೆಯದು ಆಶ್ಚರ್ಯ ಹುಟ್ಟಿಸುತ್ತದೆ. ತನ್ನದನ್ನು ತಾನು ಕಾಪಾಡಿಕೊಳ್ಳುವುದು ಕ್ರೌರ್ಯ ಹೇಗಾದೀತು? ಬೀಗ ಹಾಕುವುದು ಕ್ರೌರ್ಯವಲ್ಲ ನಿಜ. ಆದರೆ ನನ್ನದೆಂಬುದರ ಸುತ್ತ ಮನಸ್ಸು ಹಗಲಿರುಳು ಪಹರೆ ತಿರುಗತೊಡಗಿದಾಗ ಬರುವವರೆಲ್ಲ ಕಳ್ಳರಂತೆ ಕಾಣುತ್ತಾರೆ. ಅಣ್ಣತಮ್ಮಂದಿರ ಹೆಜ್ಜೆಯ ಸಪ್ಪಳಕ್ಕೂ ಕೈ ಆಯುಧವನ್ನು ಹುಡುಕುತ್ತದೆ. ಬೆಂಗಳೂರಿನ ಸುತ್ತಿನ ಜಮೀನಿನ ಬೆಲೆ ಏರಿದ ಮೇಲೆ ಒಂದೇ ತಾಯಿಯ ಮಕ್ಕಳು ಒಂದು ಗುಂಟೆಗಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದದ್ದನ್ನು ಕಂಡವರಿಗೆ ಡ್ರಾಗರ್‌ನ ಚಿತ್ರ ಬೇರೆ ಬೇಕಾಗಿಲ್ಲ. ಅಣುವ್ರತ ಹಿಡಿದ ಶ್ರಾವಕನಲ್ಲೂ ಈ ಧ್ಯಾನ ಸುಳಿಯಬಲ್ಲದು ಎಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಗೋರಿಯ ಆಟದಲ್ಲಿ ಈ ನಾಲ್ಕರಲ್ಲಿ ಮೂರು ಒಂದೇ ಕೋಣೆಯಲ್ಲಿ ಸೇರಿವೆ. ಕಾಯುವವನದು ಸಂರಕ್ಷಣೆಯ ಆವೇಶ, ಒಳನುಗ್ಗಿದವನದು ಕಡಿಯುವ ಹಾಗೂ ಕದಿಯುವ ಹಿಗ್ಗು. ಸತ್ತವನ ಮನೆಯಿಂದ ಒಡವೆ ತಂದವನನ್ನು ಆಟವು ವೀರನೆನ್ನುತ್ತದೆ. ಸಂಸಾರಸ್ಥರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ.

ಇದಕ್ಕೆ ಎದುರಾಗಿ ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ನೆನೆಯಿರಿ. ಅಲ್ಲಿಯ ಬಂಡೆಗಳ ಮೇಲೆ ಸಲ್ಲೇಖನ ಕೈಗೊಂಡ ಮುನಿಗಳ, ಆರ್ಯಿಕೆಯರ, ಗೃಹಸ್ಥರ ನಿಸಿದಿಗೆ ಶಾಸನಗಳಿವೆ. ಹೆಸರಿದೆ, ವ್ರತದ ವಿವರವಿದೆ; ಕಾಯಬೇಕಾದ ದೇಹವಿಲ್ಲ, ಒಡವೆಯಿಲ್ಲ. ಹಲವು ಯುದ್ಧಗಳನ್ನು ಗೆದ್ದ ಗಂಗ ದೊರೆ ಮಾರಸಿಂಹ 10ನೆಯ ಶತಮಾನದಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ. ಅವನ ಸ್ಮರಣೆಗಿರುವುದು ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬ. ಅದರ ನೆತ್ತಿಯ ಮೇಲೂ ಕಾವಲಿನ ದೇವತೆ ಕುಳಿತಿದ್ದಾನೆ. ಕೆಳಗೆ ಅಗೆದು ಒಯ್ಯುವಂಥದೇನೂ ಇಲ್ಲ.

ಹುಡುಗನ ಪ್ರಶ್ನೆಗೆ ಇನ್ನೂ ನೇರವಾದ ಉತ್ತರ ಕೊಟ್ಟಿಲ್ಲ. ನಿರ್ಜೀವವನ್ನು ಕೊಂದರೆ ಪಾಪವೆ? ಕನ್ನಡದಲ್ಲಿ ಈ ಪ್ರಶ್ನೆಯನ್ನು 1209ರಲ್ಲೇ ಜನ್ನ ಕವಿ ತನ್ನ ‘ಯಶೋಧರ ಚರಿತೆ’ಯಲ್ಲಿ ಎತ್ತಿದ್ದಾನೆ. ಹೆಂಡತಿಯ ನಡತೆಯಿಂದ ನೊಂದ ಯಶೋಧರ ರಾಜ, ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ದೋಷ ಕಳೆಯಲು ಬಲಿ ಕೊಡಬೇಕೆಂಬುದು ತಾಯಿ ಚಂದ್ರಮತಿಯ ಹಟ. ಜೀವವನ್ನು ಕೊಲ್ಲಲಾರೆನೆಂದು ಮಗ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನಿಂದ ಹುಂಜವನ್ನು ಮಾಡಿಸಿ ಅದನ್ನು ಕಡಿಯುವುದು. ಎಷ್ಟು ಜಾಣತನದ ಏರ್ಪಾಟು ನೋಡಿ! ಬಲಿಯೂ ಆಯಿತು, ಹಿಂಸೆಯೂ ಆಗಲಿಲ್ಲ. ಆದರೆ ಬಣ್ಣ ಬಳಿದ ಆ ಹುಂಜದ ಚೆಲುವಿಗೆ ಮರುಳಾಗಿ ಬೆಂತರವೊಂದು ಅದನ್ನು ಹೊಕ್ಕಿತ್ತು. ಕತ್ತಿ ಬಿದ್ದೊಡನೆ ಹಿಟ್ಟಿನ ಹುಂಜ ಕೂಗಿತು. ಮುಂದೆ ಆ ತಾಯಿ ಮಕ್ಕಳು ನವಿಲು, ನಾಯಿ, ಹಾವು, ಮೀನು, ಆಡು ಮೊದಲಾಗಿ ಜನ್ಮಜನ್ಮಗಳಲ್ಲಿ ಇರಿತ ಕಡಿತಗಳನ್ನು ಉಂಡು ಕೊನೆಗೆ ಕೋಳಿಗಳಾಗಿಯೂ ಹುಟ್ಟುತ್ತಾರೆ.

ಹಾಗಿದ್ದರೆ ಮೊಬೈಲಿನಲ್ಲಿ ಮಮ್ಮಿಯನ್ನು ಕಡಿದ ಹುಡುಗನಿಗೂ ಅದೇ ಗತಿಯೆ? ಹಾಗೆಂದು ಅವನನ್ನು ಹೆದರಿಸುವುದು ಶಾಸ್ತ್ರಕ್ಕೂ ಅನ್ಯಾಯ, ಹುಡುಗನಿಗೂ ಅನ್ಯಾಯ. ಯಶೋಧರನ ಕೃತ್ಯದಲ್ಲಿ ಸಂಕಲ್ಪವಿತ್ತು. ಜೀವಂತ ಹುಂಜದ ಬದಲಿಗೆ ಇದು ಎಂಬ ಎಣಿಕೆಯಿತ್ತು. ಕೊಲೆಯಿಂದ ಫಲ ಬರುತ್ತದೆಂಬ ನಂಬಿಕೆಯಿತ್ತು. ಆಡುವ ಹುಡುಗನಿಗೆ ಇವೆರಡೂ ಇಲ್ಲ. ಅವನು ಒಂದು ಒಗಟನ್ನು ಬಿಡಿಸುತ್ತಿರಬಹುದು, ಗೆಳೆಯನಿಗಿಂತ ಹೆಚ್ಚು ಅಂಕ ಗಳಿಸಲು ಹೆಣಗುತ್ತಿರಬಹುದು. ಆದರೆ ದ್ರವ್ಯಹಿಂಸೆ ಇಲ್ಲದ ಮಾತ್ರಕ್ಕೆ ಭಾವಹಿಂಸೆಯ ಲೆಕ್ಕ ಮುಗಿಯುವುದಿಲ್ಲ. ರಾಗಾದಿಗಳು ಮನಸ್ಸಿನಲ್ಲಿ ಹುಟ್ಟುವುದನ್ನೇ ಹಿಂಸೆಯೆಂದು ಅಮೃತಚಂದ್ರಾಚಾರ್ಯರು ಎಣಿಸುತ್ತಾರೆ. ಆದ್ದರಿಂದ ಆ ತಾಯಿ ಮಗನನ್ನು ಎಷ್ಟು ಕೊಂದೆ ಎಂದು ಕೇಳುವ ಬದಲು ಯಾವ ಗಳಿಗೆಯಲ್ಲಿ ಹಿಗ್ಗಿದೆ ಎಂದು ಕೇಳಬೇಕು. ಮುಚ್ಚಿದ ಬಾಗಿಲು ತೆರೆದಾಗ ಹಿಗ್ಗಿದರೆ ಚಿಂತೆಯಿಲ್ಲ. ದೇಹ ತುಂಡಾಗುವ ನೋಟವನ್ನು ಹಿಂದಕ್ಕೆ ಸರಿಸಿ ಮತ್ತೆ ಮತ್ತೆ ನೋಡುತ್ತಿದ್ದರೆ ಚಿಂತಿಸಬೇಕು. ಹುಡುಗ ಈ ಪ್ರಶ್ನೆಗೆ ಸುಳ್ಳು ಹೇಳಲಾರ ಎಂದು ನನ್ನ ನಂಬಿಕೆ. ಹದಿಹರೆಯದವರಿಗೆ ಉಪದೇಶದ ಮೇಲೆ ಸಿಟ್ಟೇ ಹೊರತು ವಿಚಾರದ ಮೇಲಲ್ಲ.

ಇದಕ್ಕಿಂತ ನನ್ನನ್ನು ಕಾಡುವುದು ದೊಡ್ಡವರ ಆಟ. ಸತ್ತ ಕಾವಲುಗಾರನ ಕಥೆಯನ್ನು ಮಕ್ಕಳು ಕಥೆಯೆಂದು ತಿಳಿದೇ ಆಡುತ್ತಾರೆ. ದೊಡ್ಡವರಲ್ಲಿ ಕೆಲವರು ಅದನ್ನು ನಿಜವೆಂದು ನಂಬುತ್ತಾರೆ. ಹಾಳು ಗುಡಿ, ಬಸದಿ, ವೀರಗಲ್ಲು, ಹಳೆಯ ಸಮಾಧಿ ಕಂಡಲ್ಲೆಲ್ಲ ನಿಧಿಯಿದೆಯೆಂದು ರಾತ್ರಿ ಅಗೆಯುವವರ ಸುದ್ದಿ ಕರ್ನಾಟಕಕ್ಕೆ ಹೊಸದಲ್ಲ. ಮಾಗಡಿ ತಾಲ್ಲೂಕಿನ ಸಾವನದುರ್ಗದ ಬಳಿ ಸಾವಿರಾರು ವರ್ಷ ಹಳೆಯ ಬೃಹತ್ ಶಿಲಾ ಸಮಾಧಿಗಳಿವೆ. ಬ್ರಾನ್‌ಫಿಲ್ ಎಂಬ ಬ್ರಿಟಿಷ್ ಸೇನಾಧಿಕಾರಿ 1881ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವನ್ನು ವರ್ಣಿಸಿದ್ದಾನೆ. ನಮ್ಮ ಕಡೆಯ ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ಕಬ್ಬಿಣದ ಹತಾರ, ಮೂಳೆ. ಆದರೂ ಒಳಗೆ ಚಿನ್ನವಿದೆ, ಅದನ್ನು ಭೂತ ಕಾಯುತ್ತಿದೆ, ಭೂತಕ್ಕೆ ರಕ್ತ ಕೊಡಬೇಕು ಎಂದು ಹೇಳುವವನು ಒಬ್ಬ, ನಂಬಿ ಹಣ ಸುರಿಯುವವರು ಹತ್ತು ಜನ. ಬಲಿಗೆ ತರುವುದು ಹಿಟ್ಟಿನ ಹುಂಜವನ್ನಲ್ಲ, ಉಸಿರಾಡುವ ಹುಂಜವನ್ನು. ಮನುಷ್ಯರ ಪ್ರಾಣಕ್ಕೂ ಕೈಹಾಕಿದ ಪ್ರಕರಣಗಳು ನಡೆದದ್ದರಿಂದಲೇ ನಿಧಿಶೋಧದ ಹೆಸರಿನ ಅಮಾನುಷ ಕೃತ್ಯಗಳನ್ನು ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆ ಅಪರಾಧವೆಂದು ಸಾರಿತು. ಅಜೀವವನ್ನು ಜೀವವೆಂದು ತಿಳಿಯುವ ಮಿಥ್ಯಾತ್ವ ಪುಸ್ತಕದ ಮಾತಲ್ಲ. ಇಲ್ಲದ ಕಾವಲುಗಾರನನ್ನು ತಣಿಸಲು ಇರುವ ಜೀವವನ್ನು ಕೊಲ್ಲುವವರೆಗೆ ಅದು ಹೋಗುತ್ತದೆ.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಪತ್ರ ಬರೆದ ತಾಯಿಯ ಊರಿನ ಸುತ್ತಮುತ್ತ ಹಿಪ್ಪುನೇರಳೆ ತೋಟಗಳಿವೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ನಾಲ್ಕು ಜ್ವರ ಕಳೆದು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಅದು ತನ್ನ ಬಾಯಿಂದ ಹೊರಟ ನೂರಾರು ಮೀಟರ್ ಎಳೆಯನ್ನು ತನ್ನ ಸುತ್ತ ತಾನೇ ಸುತ್ತಿಕೊಂಡು ಒಳಗೆ ಅಡಗುತ್ತದೆ. ಜೀವವು ತನ್ನ ಕರ್ಮದಿಂದ ತಾನೇ ಬಂಧಿತವಾಗುವುದಕ್ಕೆ ಇದಕ್ಕಿಂತ ಒಪ್ಪುವ ಉಪಮೆ ಇಲ್ಲ. ಅಕ್ಕಮಹಾದೇವಿಯ ವಚನದಲ್ಲೂ ಈ ಹುಳು ಬಂದಿದೆ. ಉಪಮೆಯನ್ನು ನಾವು ಸವಿಯುತ್ತೇವೆ. ಗೂಡಿನೊಳಗೆ ಏನಿದೆಯೆಂದು ಕೇಳುವುದಿಲ್ಲ.

ಒಳಗಿರುವುದು ಕೋಶಾವಸ್ಥೆಯ ಜೀವ. ಅದು ಓಡುವುದಿಲ್ಲ, ಕೂಗುವುದಿಲ್ಲ, ಏಟು ಹೊಡೆದರೆ ಎದ್ದು ಬರುವುದಿಲ್ಲ. ಬಟ್ಟೆ ಸುತ್ತಿದ ಶವದಂತೆ ಕಾಣುತ್ತದೆ. ಆದರೆ ಮುಟ್ಟಿದರೆ ಮೆಲ್ಲನೆ ಅಲುಗುತ್ತದೆ, ಉಸಿರಾಡುತ್ತದೆ, ರೆಕ್ಕೆಗಳನ್ನು ಕಟ್ಟಿಕೊಳ್ಳುತ್ತಿರುತ್ತದೆ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಿಗೆ ಅದು ಪತಂಗವಾಗಿ ಗೂಡನ್ನು ತೂತು ಮಾಡಿ ಹೊರಬರಬೇಕು. ಹೊರಬಂದರೆ ಎಳೆ ತುಂಡಾಗುತ್ತದೆ, ಬಿಚ್ಚಾಣಿಕೆಗೆ ಬರುವುದಿಲ್ಲ. ಆದುದರಿಂದ ಅದಕ್ಕೆ ಮೊದಲೇ ಗೂಡುಗಳನ್ನು ಶಾಖಕ್ಕೋ ಹಬೆಗೋ ಒಡ್ಡಿ, ಕುದಿಯುವ ನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ. ಪೂರ್ಣವಾಗಿ ಹೊರಬರುವ ಭಾಗ್ಯ ಬಿತ್ತನೆ ಗೂಡುಗಳ ಪತಂಗಗಳಿಗೆ ಮಾತ್ರ. ಮೊಟ್ಟೆಯಿಟ್ಟ ಮೇಲೆ ತಾಯಿ ಪತಂಗವನ್ನೂ ಅರೆದು ರೋಗಪರೀಕ್ಷೆ ಮಾಡುತ್ತಾರೆ. ಆಗಮದ ಎಣಿಕೆಯಲ್ಲಿ ಪತಂಗವು ದುಂಬಿಯ ಸಾಲಿಗೆ ಸೇರಿದ ಚತುರಿಂದ್ರಿಯ ಜೀವಿ. ಒಂದು ಸೀರೆಗೆ ಇಂಥ ಗೂಡುಗಳು ಸಾವಿರ ಸಾವಿರ ಬೇಕು.

ಇದನ್ನು ಬರೆಯುವಾಗ ನನಗೆ ಸಂಕೋಚವಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸಾವಿರಾರು ಮನೆಗಳಲ್ಲಿ ಒಲೆ ಉರಿಯುವುದು ರೇಷ್ಮೆಯಿಂದ. ಮಳೆಯನ್ನು ನಂಬಿ ರಾಗಿ ಬೆಳೆಯುವವನಿಗೆ ವರ್ಷಕ್ಕೆ ಹಲವು ಬಾರಿ ಕೈಗೆ ಹಣ ತರುವ ಕಸುಬು ಅದು. ಮಕ್ಕಳ ಶಾಲೆಯ ಶುಲ್ಕ, ಮಗಳ ಮದುವೆ, ಆಸ್ಪತ್ರೆಯ ಖರ್ಚು ಎಲ್ಲವೂ ಆ ಚಂದ್ರಿಕೆಯಿಂದ ಬಂದಿವೆ. ಹುಳುವನ್ನು ಸಾಕುವ ಹೆಣ್ಣುಮಕ್ಕಳು ರಾತ್ರಿ ಎದ್ದು ಸೊಪ್ಪು ಹಾಕುವ ಕಾಳಜಿಯನ್ನು ಕಂಡವರು ಅವರನ್ನು ಕ್ರೂರಿಗಳೆನ್ನಲಾರರು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಆಚಾರ್ಯರು ವಿಂಗಡಿಸಿದ್ದು, ಜೀವನೋಪಾಯದ ಇಕ್ಕಟ್ಟನ್ನು ಅರಿತವರು ಅವರಾಗಿದ್ದುದರಿಂದ. ಅಂಗಡಿಯಲ್ಲಿ ಕುಳಿತು ರೇಷ್ಮೆ ಮಾರಿ ಲಾಭ ಎಣಿಸುವವನಿಗೆ, ಉಟ್ಟು ಮೆರೆಯುವವಳಿಗೆ, ಉಡದಿದ್ದರೆ ಮಡಿಯಿಲ್ಲವೆನ್ನುವವನಿಗೆ ಇಲ್ಲದ ಪಾಪವನ್ನು ಹುಳು ಸಾಕುವ ರೈತನ ಮೇಲೆ ಹೊರಿಸುವುದು ಧರ್ಮವಲ್ಲ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಎಂದು ಮೂರು ದಾರಿಗಳಿಂದ ಕರ್ಮ ಒಳಗೆ ಹರಿಯುತ್ತದೆ. ರಾಮನಗರದ ರೈತ ಒಂದು ದಾರಿಯಲ್ಲಿದ್ದರೆ ನಾವು ಉಳಿದೆರಡರಲ್ಲಿ ಇದ್ದೇವೆ. ಅವನಿಗಾದರೋ ಹಸಿವೆಂಬ ಕಾರಣವುಂಟು.

ಪೂಜೆಗೆ ನಿಲ್ಲುವವರು ಮಡಿಯೆಂದು ರೇಷ್ಮೆ ಪಂಚೆ ಉಡುವ ವಾಡಿಕೆ ನಮ್ಮಲ್ಲೂ ಹಲವು ಕಡೆ ಇದೆ. ಬೆಂದ ಜೀವಗಳ ನೂಲು ಶುದ್ಧ, ಹೊಲದಲ್ಲಿ ಬೆಳೆದ ಹತ್ತಿಯ ನೂಲು ಅದಕ್ಕಿಂತ ಕಡಿಮೆ ಎಂಬ ಎಣಿಕೆ ಎಲ್ಲಿಂದ ಬಂದಿತೋ, ಜಿನವಾಣಿಯಿಂದ ಮಾತ್ರ ಬಂದದ್ದಲ್ಲ. ಇತ್ತೀಚೆಗೆ ಅನೇಕರು ಇದನ್ನು ಬಿಟ್ಟಿದ್ದಾರೆ. ಪತಂಗ ಹೊರಬಂದ ಮೇಲೆ ಉಳಿದ ತೂತುಗೂಡುಗಳಿಂದ ನೂಲುವ ಅಹಿಂಸಾ ರೇಷ್ಮೆಯೂ ಪೇಟೆಯಲ್ಲಿದೆ. ಹೊಳಪು ಕಡಿಮೆ, ಬೆಲೆ ಹೆಚ್ಚು. ಮದುವೆಯ ಪಟ್ಟಿಯಲ್ಲಿ ಅದಕ್ಕೆ ಇನ್ನೂ ಜಾಗ ಸಿಕ್ಕಿಲ್ಲ. ಆದರೆ ಬಸದಿಯ ವಿಚಾರದಲ್ಲಿ ಇಷ್ಟು ಕಾಯಬೇಕಾದ ಅಗತ್ಯವಿಲ್ಲ. ಅಭಿಷೇಕಕ್ಕೆ ನಿಲ್ಲುವವರಿಗೆ ಒಗೆದು ಒಣಗಿಸಿದ ಹತ್ತಿಯ ಪಂಚೆ, ಸೀರೆ ಸಾಕೆಂದು ಬಸದಿಗಳ ಆಡಳಿತದವರು ಒಂದು ಫಲಕ ಬರೆದು ಹಾಕಬಹುದು. ಉಳ್ಳವರಿಗೂ ಇಲ್ಲದವರಿಗೂ ಒಂದೇ ಉಡುಪಾಗುವುದು ಅದರ ಇನ್ನೊಂದು ಲಾಭ.

ಕೈಲಾಂಚದ ಹುಡುಗನಿಗೆ ನಾನು ಪ್ರತ್ಯೇಕವಾಗಿ ಉತ್ತರ ಬರೆದಿದ್ದೇನೆ. ಆಟವನ್ನು ಬಿಡು ಎಂದು ಅದರಲ್ಲಿ ಹೇಳಿಲ್ಲ. ಮಣಿಮಾಲಿಯ ಕಥೆಯನ್ನು ಹೇಳಿದ್ದೇನೆ. ಜೊತೆಗೆ, ಪರಿಚಯದ ರೇಷ್ಮೆ ಮನೆಯೊಂದರಲ್ಲಿ ಒಂದೇ ಒಂದು ಗೂಡನ್ನು ಕೇಳಿ ತಂದು, ಬಾಯಿ ತೆರೆದ ಪೆಟ್ಟಿಗೆಯಲ್ಲಿಟ್ಟು, ಹನ್ನೆರಡು ದಿನ ತಾಳ್ಮೆಯಿಂದ ನೋಡೆಂದು ಬರೆದಿದ್ದೇನೆ.